ಫ್ಯಾಕಲ್ಟಿ ಸೆನೆಟ್‌ಗೆ ನಿಲ್ಲು ಅಂತಿದ್ದಾರೆ. ಟೆನ್ಯೂರ್ ಇಲ್ಲದವಳು ನಿಲ್ಲಬೇಕಾ?

ಪ್ರಶ್ನೆ: ಹೊಸ_ಮೇಡಂ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅಸಿಸ್ಟೆಂಟ್ ಪ್ರೊಫೆಸರ್. ಟೆನ್ಯೂರ್‌ಗೆ, ಅಂದರೆ ಕೆಲಸ ಖಾಯಂ ಆಗುವುದಕ್ಕೆ, ಇನ್ನೂ ದೂರ ಇದೆ. ಯೂನಿವರ್ಸಿಟಿ ಹೆಸರು ಬೇಡ, ನಮ್ಮವರು ಎಲ್ಲ ಕಡೆ ಇದ್ದಾರೆ!

ಫ್ಯಾಕಲ್ಟಿ ಸೆನೆಟ್‌ನಲ್ಲಿ, ಅಂದರೆ ಅಧ್ಯಾಪಕರ ಪ್ರತಿನಿಧಿಗಳ ಸಭೆಯಲ್ಲಿ, ನಮ್ಮ ಡಿಪಾರ್ಟ್‌ಮೆಂಟಿನ ಸೀಟು ಖಾಲಿ ಆಗಿದೆ. ಮೀಟಿಂಗಿನಲ್ಲಿ ಚೇರ್ (ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು) "ಯಾರು ನಿಲ್ಲುತ್ತೀರಿ" ಅಂತ ಕೇಳಿದ್ದೇ ತಡ, ಎಲ್ಲರಿಗೂ ಲ್ಯಾಪ್‌ಟಾಪಿನಲ್ಲಿ ಏನೋ ಅರ್ಜೆಂಟ್ ಕೆಲಸ ಬಂತು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು. "ನಿಮ್ಮ ಫೈಲಿಗೂ ಒಳ್ಳೆಯದು, ಸರ್ವಿಸ್ ಅಂತ ಬರೆದುಕೊಳ್ಳಬಹುದು" ಅಂದರು. ನಮ್ಮಲ್ಲಿ 40-40-20 ಲೆಕ್ಕ. ಪಾಠ 40, ಸಂಶೋಧನೆ 40, ಕಮಿಟಿ ಕೆಲಸದಂಥ ಸರ್ವಿಸ್ 20. ಆ 20ಕ್ಕೆ ಟೆನ್ಯೂರ್ ಕೊಡುವವರು ಎಷ್ಟು ಬೆಲೆ ಕೊಡುತ್ತಾರೆ ಅಂತ ನಿಮಗೂ ಗೊತ್ತು.

ಅದು ಹೋಗಲಿ. ನನಗೆ ಅರ್ಥ ಆಗದೇ ಇರುವುದು ನನ್ನ ಹಿರಿಯ ಸಹೋದ್ಯೋಗಿಗಳ ಮನಸ್ಸು. ನಮ್ಮಲ್ಲಿ ಒಬ್ಬ ಫುಲ್ ಪ್ರೊಫೆಸರ್ ಇದ್ದಾರೆ. ಸೆನೆಟ್ ಅಂದರೆ ಮೂಗು ಮುರಿಯುತ್ತಾರೆ. "ಕೆಲಸ ಇಲ್ಲದವರು ಕೂತು ಮಾತಾಡೋ ಜಾಗ ಅದು" ಅಂತ ನನ್ನ ಎದುರೇ ಹೇಳಿದರು. ಇದೇ ಮನುಷ್ಯ, ಕಳೆದ ವರ್ಷ ಡೀನ್ ನಮ್ಮ ಡಿಪಾರ್ಟ್‌ಮೆಂಟನ್ನು ಕಂಪ್ಯೂಟರ್ ಸೈನ್ಸ್ ಜೊತೆ ಸೇರಿಸುವ ಮಾತು ತೆಗೆದಾಗ, "ಶೇರ್ಡ್ ಗವರ್ನೆನ್ಸ್ ಎಲ್ಲಿ ಹೋಯಿತು" ಅಂತ ಎಲ್ಲರಿಗೂ ಪುಟಗಟ್ಟಲೆ ಇಮೇಲ್ ಬರೆದರು. ಶೇರ್ಡ್ ಗವರ್ನೆನ್ಸ್ ಅಂದರೆ ಯೂನಿವರ್ಸಿಟಿ ನಡೆಸುವುದರಲ್ಲಿ ಅಧ್ಯಾಪಕರಿಗೂ ಪಾಲು ಇರುವುದು. ಹಾಗಾದರೆ ಅವರಿಗೆ ಅದು ಬೇಕಾ, ಬೇಡವಾ?

ಸುಮ್ನೆ ನೋಡಿಕೊಂಡು ಬರೋಣ ಅಂತ ಒಂದು ಸೆನೆಟ್ ಸಭೆಗೆ ಹೋಗಿ ಹಿಂದೆ ಕೂತೆ. ಕೋರ್ಸ್ ಡ್ರಾಪ್ ಮಾಡುವ ಕೊನೆಯ ಗಡುವು ಶುಕ್ರವಾರ ಸಂಜೆ 5ಕ್ಕೋ, ರಾತ್ರಿ 12ಕ್ಕೋ ಅನ್ನುವುದರ ಮೇಲೆ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ತಿದ್ದುಪಡಿ, ತಿದ್ದುಪಡಿಗೆ ತಿದ್ದುಪಡಿ, ಪಾಯಿಂಟ್ ಆಫ್ ಆರ್ಡರ್. ಒಬ್ಬರ ಕೈಯಲ್ಲಿ ಸಭೆ ನಡೆಸುವ ನಿಯಮಗಳ ರಾಬರ್ಟ್ಸ್ ರೂಲ್ಸ್ ಪುಸ್ತಕವೇ ಇತ್ತು, ಪುಟಗಳ ಮಧ್ಯೆ ಹಳದಿ ಚೀಟಿ ಸಿಕ್ಕಿಸಿಕೊಂಡಿದ್ದರು. ಆಮೇಲೆ, ಸಭೆ ಮುಗಿಯಲು ಐದೇ ನಿಮಿಷ ಇರುವಾಗ, ಪ್ರೊವೋಸ್ಟ್ (ಯೂನಿವರ್ಸಿಟಿಯ ಶೈಕ್ಷಣಿಕ ಮುಖ್ಯಸ್ಥರು) ಎದ್ದು ನಿಂತು ಒಂದು ಸ್ಲೈಡ್ ಹಾಕಿದರು. ನಮ್ಮ ಆನ್‌ಲೈನ್ ಮಾಸ್ಟರ್ಸ್ ಕೋರ್ಸ್‌ಗಳನ್ನು ನಡೆಸಲು ಒಂದು ಹೊರಗಿನ ಕಂಪನಿ ಜೊತೆ ಒಪ್ಪಂದ ಆಗಿದೆಯಂತೆ. ಆಗಿದೆ, ಆಗುತ್ತದೆ ಅಲ್ಲ. "ಪ್ರಶ್ನೆಗಳಿವೆಯೇ?" ಅಂದರು. ಯಾರೋ ಗಡಿಯಾರ ನೋಡಿ ಸಭೆ ಮುಗಿಸುವ ಮೋಷನ್ ಮಂಡಿಸಿದರು. ಎಲ್ಲರೂ ಕೈ ಎತ್ತಿದರು. ವಿದ್ಯಾರ್ಥಿ ಕಟ್ಟುವ ಫೀಸಿನಲ್ಲಿ ಆ ಕಂಪನಿಗೆ ಎಷ್ಟು ಪಾಲು ಹೋಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ಈಗ ಹೇಳಿ. ಇದರಲ್ಲಿ ನಾನು ಹೋಗಿ ಏನು ಮಾಡಲಿ? ಎಚ್-1ಬಿ ವೀಸಾದಲ್ಲಿದ್ದೇನೆ. ಬಾಯಿ ಬಿಟ್ಟರೆ ಕಷ್ಟ, ಬಿಡದಿದ್ದರೆ ಅಲ್ಲಿ ಕೂತು ಪ್ರಯೋಜನ ಇಲ್ಲ. ಅನುಭವ ಇರುವವರು ದಯವಿಟ್ಟು ಬರೆಯಿರಿ.

ಉತ್ತರ: ಹಳೇ_ಸೆನೆಟರ್

ಮೇಡಂ, ನಿಮ್ಮ ಆ ಫುಲ್ ಪ್ರೊಫೆಸರ್ ನನಗೆ ಚೆನ್ನಾಗಿ ಗೊತ್ತು. ಅಂದರೆ, ನಮ್ಮ ಯೂನಿವರ್ಸಿಟಿಯಲ್ಲೂ ಅಂಥವರು ಡಿಪಾರ್ಟ್‌ಮೆಂಟಿಗೆ ಇಬ್ಬರಾದರೂ ಇದ್ದಾರೆ. ನಾನು ಭೌತಶಾಸ್ತ್ರದವನು. ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಹಳ ವರ್ಷ ಸೆನೆಟ್‌ನಲ್ಲಿದ್ದೆ, ಕರಿಕ್ಯುಲಮ್ ಕಮಿಟಿಯ ಚೇರ್ ಆಗಿದ್ದೆ. ಅವರ ಎರಡು ಮಾತಿನಲ್ಲಿ ವಿರೋಧ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಬೇಸರ ಇರುವುದು ಶೇರ್ಡ್ ಗವರ್ನೆನ್ಸ್ ಮೇಲೆ ಅಲ್ಲ, ತೀರ್ಮಾನ ಆದ ಮೇಲೆ ಅಭಿಪ್ರಾಯ ಕೇಳಿಸಿಕೊಳ್ಳುವ ನಾಟಕದ ಮೇಲೆ. ಛತ್ರ ಬುಕ್ ಆದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ. ನೀವು ನೋಡಿದ ಆ ಸ್ಲೈಡ್ ಅದೇ ಅಲ್ವಾ? ಹತ್ತು ಸಲ ಹಾಗಾದರೆ ಎಂಥವನೂ ಹೋಗುವುದನ್ನು ಬಿಡುತ್ತಾನೆ. ಹೋಗುವುದನ್ನು ಬಿಟ್ಟವನು ಅದನ್ನು ಆಡಿಕೊಳ್ಳಲು ಶುರು ಮಾಡುತ್ತಾನೆ. ಆದರೆ ತನ್ನ ಡಿಪಾರ್ಟ್‌ಮೆಂಟಿಗೆ ಬಿಸಿ ತಟ್ಟಿದ ದಿನ ಅದೇ ಸೆನೆಟ್ ಬೇಕು ಅನಿಸುತ್ತದೆ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಯಾಕಂದರೆ ಹೊಸಬರು ಇದನ್ನು ತಿಳಿಯದೇ ಸೆನೆಟ್‌ಗೆ ಹೋಗುತ್ತಾರೆ. ಎಲ್ಲರೂ ಶೇರ್ಡ್ ಗವರ್ನೆನ್ಸ್ ಅಂತ ಹಿಡಿದುಕೊಂಡಿರುವ ಮೂಲ ಕಾಗದ 1966ರದ್ದು. 1915ರಲ್ಲಿ ಶುರುವಾದ ಅಧ್ಯಾಪಕರ ಸಂಘ ಎಎಯುಪಿ, ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್, ಆಡಳಿತ ಮಂಡಳಿಗಳ ಸಂಘ ಎಜಿಬಿ, ಮೂರೂ ಸೇರಿ ರೂಪಿಸಿದ ಹೇಳಿಕೆ. ಅದರ ತಿರುಳು ಇಷ್ಟು. ಪಠ್ಯ, ಪಾಠದ ವಿಧಾನ, ಸಂಶೋಧನೆ, ಅಧ್ಯಾಪಕರ ನೇಮಕ-ಬಡ್ತಿ-ಟೆನ್ಯೂರ್, ಇವುಗಳಲ್ಲಿ ಮೊದಲ ಜವಾಬ್ದಾರಿ ಅಧ್ಯಾಪಕರದ್ದು. ಬೋರ್ಡ್ (ಆಡಳಿತ ಮಂಡಳಿ) ಅಥವಾ ಯೂನಿವರ್ಸಿಟಿಯ ಪ್ರೆಸಿಡೆಂಟ್ ಇದನ್ನು ತಳ್ಳಿಹಾಕುವುದು ಅಪರೂಪಕ್ಕೆ ಮಾತ್ರ, ಅದೂ ಬಲವಾದ ಕಾರಣ ಇದ್ದರೆ, ಆ ಕಾರಣವನ್ನು ವಿವರವಾಗಿ ಹೇಳಿ. ಬಜೆಟ್ ಬಗ್ಗೆ ಅದು ಇಷ್ಟು ಖಡಾಖಂಡಿತವಾಗಿ ಹೇಳಿಲ್ಲ. ಅಲ್ಲಿ ಎಲ್ಲರಿಗೂ ಮಾತು ಇರಬೇಕು ಅನ್ನುತ್ತದೆ, ಅಷ್ಟೇ.

ಆದರೆ ಅದು ಕಾನೂನಲ್ಲ. ಒಳ್ಳೆಯ ನಡವಳಿಕೆಯ ಮಾತು. ಪಬ್ಲಿಕ್ ಯೂನಿವರ್ಸಿಟಿಯಲ್ಲಿ ನಿಜವಾದ ಹಿಡಿತ ರಾಜ್ಯದ ಶಾಸನಸಭೆ ಮತ್ತು ಬೋರ್ಡ್ ಕೈಯಲ್ಲಿರುತ್ತದೆ. ವಿಸ್ಕಾನ್ಸಿನ್ ನೋಡಿ. ಅಲ್ಲಿ ಅಧ್ಯಾಪಕರ ಪಾಲು ರಾಜ್ಯದ ಕಾನೂನಿನಲ್ಲೇ ಬರೆದಿತ್ತು, ದೇಶದಲ್ಲೇ ಬಲವಾದದ್ದು ಅಂತ ಹೆಸರು. 2015ರಲ್ಲಿ ಬಜೆಟ್ ಮಸೂದೆಯ ಜೊತೆಗೇ ಟೆನ್ಯೂರನ್ನು ಕಾನೂನಿನಿಂದ ತೆಗೆದರು, ಅಧ್ಯಾಪಕರ ಪಾತ್ರವನ್ನು ಕ್ಯಾಂಪಸ್ ಮುಖ್ಯಸ್ಥ ಚಾನ್ಸಲರ್‌ಗೆ ಸಲಹೆ ಕೊಡುವ ಮಟ್ಟಕ್ಕೆ ಇಳಿಸಿದರು. ಇಂಡಿಯಾನಾದಲ್ಲಿ 2025ರಲ್ಲಿ ಮತ್ತೆ ಬಜೆಟ್ ಮಸೂದೆಯೊಳಗೇ ಸೇರಿಸಿ, ಅಧ್ಯಾಪಕರ ಸಂಸ್ಥೆಗಳು ಸಲಹೆಗಷ್ಟೇ ಅಂದರು. ಅದೇ ವರ್ಷ ಟೆಕ್ಸಾಸ್‌ನ ಎಸ್‌ಬಿ 37 ಅನ್ನುವ ಕಾನೂನು ಇನ್ನೂ ಮುಂದೆ ಹೋಯಿತು. ಬೋರ್ಡ್ ಸ್ಥಾಪಿಸಿದರೆ ಮಾತ್ರ ಸೆನೆಟ್ ಇರುತ್ತದೆ. ಬೋರ್ಡ್ ಬೇರೆ ಹೇಳದಿದ್ದರೆ 60 ಸದಸ್ಯರಿಗಿಂತ ಜಾಸ್ತಿ ಇರುವಂತಿಲ್ಲ. ಸಭೆ ನಡೆಸುವವರನ್ನು ಅಧ್ಯಾಪಕರು ಆರಿಸುವುದಿಲ್ಲ, ಪ್ರೆಸಿಡೆಂಟ್ ನೇಮಿಸುತ್ತಾರೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ 1920ರ ಹೊತ್ತಿಗೆ ಬರ್ಕ್ಲಿಯ ಅಧ್ಯಾಪಕರು ಜಗಳ ಮಾಡಿ, ಕೋರ್ಸ್‌ಗಳ ಮೇಲಿನ ಅಧಿಕಾರವನ್ನು ರೀಜೆಂಟರಿಂದ, ಅಂದರೆ ಅಲ್ಲಿಯ ಬೋರ್ಡಿನವರಿಂದ, ಅಕಾಡೆಮಿಕ್ ಸೆನೆಟ್‌ಗೆ ಬರೆಸಿಕೊಂಡರು. ಪ್ರವೇಶದ ಷರತ್ತುಗಳೂ ಅಲ್ಲಿ ಸೆನೆಟ್‌ದೇ. ಅಲ್ಲಿಯ ಅಧ್ಯಾಪಕರೂ ಸೆನೆಟ್ ಬಗ್ಗೆ ಗೊಣಗುತ್ತಾರೆ. ಆದರೆ ಅದು ಕೆಲಸ ಜಾಸ್ತಿ ಅಂತ ಗೊಣಗುವುದು, ಕೆಲಸಕ್ಕೆ ಬಾರದ್ದು ಅಂತ ಅಲ್ಲ. ಅಧಿಕಾರ ಇರುವ ಕಡೆ ಜನರ ಧೋರಣೆಯೇ ಬೇರೆ.

ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯ ವಿಷಯ ನಿಮಗೆ ನೆನಪಿರಬಹುದು. ಸುಮಾರು 45 ಮಿಲಿಯನ್ ಡಾಲರ್ ಕೊರತೆ ಅಂತ ಹೇಳಿ 2023ರಲ್ಲಿ ಕೋರ್ಸ್‌ಗಳನ್ನು ಕತ್ತರಿಸಲು ಹೊರಟರು. ಸೆಪ್ಟೆಂಬರ್ 6ರಂದು ಅಧ್ಯಾಪಕರು ಪ್ರೆಸಿಡೆಂಟ್ ಗಾರ್ಡನ್ ಗೀ ಮೇಲೆ ಅವಿಶ್ವಾಸ ನಿರ್ಣಯ ಪಾಸು ಮಾಡಿದರು, 797ಕ್ಕೆ 100 ಮತ. ಇಂಥ ಬಹುಮತ ಯಾವ ಚುನಾವಣೆಯಲ್ಲಿ ಸಿಗುತ್ತದೆ ಹೇಳಿ! ಒಂಬತ್ತು ದಿನ ಆದ ಮೇಲೆ ಬೋರ್ಡ್ ಸೇರಿ 28 ಮೇಜರ್‌ಗಳನ್ನೂ (ಪದವಿ ವಿಷಯಗಳನ್ನೂ) 143 ಅಧ್ಯಾಪಕ ಹುದ್ದೆಗಳನ್ನೂ ತೆಗೆಯಿತು. ಗೀ 2025ರವರೆಗೂ ಹುದ್ದೆಯಲ್ಲೇ ಇದ್ದರು. ಅವಿಶ್ವಾಸ ನಿರ್ಣಯ ಅನ್ನುವುದು ಸೆನೆಟ್‌ನ ಕೊನೆಯ ಅಸ್ತ್ರ ಅಂತಾರೆ. ಅದು ಗುರಿ ತಾಗುವ ಹೊತ್ತಿಗೆ ಯುದ್ಧ ಮುಗಿದಿರುತ್ತದೆ.

ಹಾಗಾದರೆ ಯಾಕೆ ಹೋಗಬೇಕು? ಸೆನೆಟ್ ಸಭಾಂಗಣಕ್ಕೆ ಹೋಗಬೇಡಿ, ಅದರ ಕಮಿಟಿಗೆ ಹೋಗಿ. ಕೆಲಸ ಆಗುವುದು ಅಲ್ಲಿ. ಒಂದು ಹೊಸ ಕೋರ್ಸ್ ಪ್ರಸ್ತಾವ ಡಿಪಾರ್ಟ್‌ಮೆಂಟಿನಿಂದ ಕಾಲೇಜಿನ ಕಮಿಟಿಗೆ, ಅಲ್ಲಿಂದ ಯೂನಿವರ್ಸಿಟಿ ಕರಿಕ್ಯುಲಮ್ ಕಮಿಟಿಗೆ, ಆಮೇಲೆ ಸೆನೆಟ್‌ಗೆ, ಆಮೇಲೆ ಪ್ರೊವೋಸ್ಟ್ ಮೇಜಿಗೆ ಹೋಗುತ್ತದೆ. ಸೆನೆಟ್‌ನಲ್ಲಿ ಅದು ಕನ್ಸೆಂಟ್ ಅಜೆಂಡಾದಲ್ಲಿ, ಅಂದರೆ ಚರ್ಚೆ ಇಲ್ಲದೆ ಒಟ್ಟಿಗೆ ಪಾಸು ಮಾಡುವ ಪಟ್ಟಿಯಲ್ಲಿ, ಮಿಂಚಿ ಹೋಗುತ್ತದೆ, ಯಾರೂ ಓದುವುದಿಲ್ಲ. ಓದುವುದು ಕಮಿಟಿಯಲ್ಲಿ. ನಾನು ಚೇರ್ ಆಗಿದ್ದಾಗ ಒಂದು ಪ್ರಸ್ತಾವ ಬಂತು, ಡೇಟಾ ಅನಲಿಟಿಕ್ಸ್ ಸರ್ಟಿಫಿಕೇಟ್. ಫಾರಂ ಎಲ್ಲ ಚೊಕ್ಕ. ಆದರೆ ಕೋರ್ಸ್ ಪಟ್ಟಿಯಲ್ಲಿ ಲೀನಿಯರ್ ಆಲ್ಜಿಬ್ರಾ ಇಲ್ಲ, ಕಲಿಸುವವರ ಜಾಗದಲ್ಲಿ "ಆಮೇಲೆ ತಿಳಿಸಲಾಗುವುದು" ಅಂತ ಇತ್ತು. ಕೆದಕಿದಾಗ ಗೊತ್ತಾಯಿತು, ಜಾಹೀರಾತು ಆಗಲೇ ಹೊರಗೆ ಹೋಗಿತ್ತು. ನಾವು ವಾಪಸ್ ಕಳಿಸಿದೆವು. ಡೀನ್ ಆಫೀಸಿಗೆ ಸಿಟ್ಟು ಬಂತು. ಆದರೆ ಮುಂದಿನ ಸೆಮಿಸ್ಟರ್ ಅದು ಸರಿಯಾಗಿ ಬಂತು. ಕಲಿಸುವ ಇಬ್ಬರ ಹೆಸರೂ ಇತ್ತು, ಮ್ಯಾಥ್ಸ್ ಕೋರ್ಸೂ ಇತ್ತು. ಇದನ್ನು ಯಾರೂ ಪೇಪರಿನಲ್ಲಿ ಬರೆಯಲ್ಲ. ಸೆನೆಟ್ ಮಾಡಿದ ಕೆಲಸ ಕಾಣುವುದೇ ಇಲ್ಲ, ಯಾಕಂದರೆ ಆಗಬಹುದಾಗಿದ್ದ ಎಡವಟ್ಟು ಆಗಿರುವುದಿಲ್ಲ.

1989ರಲ್ಲಿ ರಾಬರ್ಟ್ ಬರ್ನ್‌ಬಾಮ್ ಅನ್ನುವ ಉನ್ನತ ಶಿಕ್ಷಣದ ವಿದ್ವಾಂಸರು, ಸೆನೆಟ್‌ಗಳು ಕೆಲಸ ಮಾಡದಿದ್ದರೂ ಯಾಕೆ ಉಳಿದಿವೆ ಅಂತ ಒಂದು ಲೇಖನ ಬರೆದರು. ಬಗೆಹರಿಯದ ಸಮಸ್ಯೆಗಳನ್ನು ತಣ್ಣಗೆ ಇಟ್ಟು ಮರೆಯಲು ಅದು ಉಪಯೋಗ ಅಂದರು. ನಾಳೆಯ ಡೀನ್ ಯಾರಾಗಬಹುದು ಅಂತ ಆಡಳಿತದವರು ಅಲ್ಲೇ ಕಣ್ಣು ಹಾಕುತ್ತಾರೆ ಅಂತಲೂ ಹೇಳಿದರು. ಎರಡನೆಯದು ನೂರಕ್ಕೆ ನೂರು ನಿಜ. ನಮ್ಮ ಸೆನೆಟ್‌ನಲ್ಲಿ ಪ್ರೊವೋಸ್ಟ್ ಮೇಲೆ ಜೋರಾಗಿ ಕೂಗಾಡುತ್ತಿದ್ದ ಒಬ್ಬರು ಈಗ ಅಸೋಸಿಯೇಟ್ ಪ್ರೊವೋಸ್ಟ್. ಈಗ ಅವರೇ ಸ್ಲೈಡ್ ಹಾಕುತ್ತಾರೆ, ಕೊನೆಯ ಐದು ನಿಮಿಷದಲ್ಲಿ.

ಉತ್ತರ: ಲೆಕ್ಚರರ್_ಅಕ್ಕ

ನೀವೆಲ್ಲ ನಿಲ್ಲೋಣವೋ ಬೇಡವೋ ಅಂತ ಯೋಚಿಸುತ್ತಿದ್ದೀರಿ. ನಮಗೆ ಆ ತಲೆನೋವೇ ಇಲ್ಲ, ನೋಡಿ. ನಾನು ಟೆನ್ಯೂರ್ ಟ್ರ್ಯಾಕಿನವಳಲ್ಲ. ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೆಮಿಸ್ಟರಿಗೆ ನಾಲ್ಕು ಸೆಕ್ಷನ್ ಫಸ್ಟ್ ಇಯರ್ ರೈಟಿಂಗ್ ಕಲಿಸುತ್ತೇನೆ. ನಮ್ಮ ಸೆನೆಟ್ ಚುನಾವಣೆಯಲ್ಲಿ ನನಗೆ ಮತ ಇಲ್ಲ, ನಿಲ್ಲುವ ಹಕ್ಕಂತೂ ಇಲ್ಲವೇ ಇಲ್ಲ.

ಹಳೇ ಸೆನೆಟರ್ ಸರ್, ನೀವು ಅಧ್ಯಾಪಕರು ಅಧ್ಯಾಪಕರು ಅಂತ ಬರೆದಿದ್ದೀರಲ್ಲ, ಯಾರು ಆ ಅಧ್ಯಾಪಕರು? ಎಎಯುಪಿಯ ಲೆಕ್ಕದಲ್ಲೇ, 2021ರ ಹೊತ್ತಿಗೆ ಅಮೆರಿಕದ ಕಾಲೇಜು ಅಧ್ಯಾಪಕರಲ್ಲಿ ನೂರಕ್ಕೆ 68 ಮಂದಿ ಟೆನ್ಯೂರ್ ಹೊರಗಿನವರು. 1987ರಲ್ಲಿ ಅದು 47ರ ಆಸುಪಾಸು. ಪೂರ್ಣಾವಧಿ ಟೆನ್ಯೂರ್ ಆದವರು 39ರಿಂದ 24ಕ್ಕೆ ಇಳಿದಿದ್ದಾರೆ. ಪಬ್ಲಿಕ್, ಪ್ರೈವೇಟ್ ಎಲ್ಲ ಸೇರಿಸಿದ ಲೆಕ್ಕ ಇದು. ಆಡಳಿತದವರು ನಮ್ಮನ್ನು ಕೇಳುವುದಿಲ್ಲ ಅಂತ ನೀವು ದೂರುತ್ತೀರಿ. ನೀವು ನಮ್ಮನ್ನು ಕೇಳಿದ್ದೀರಾ?

ಒಂದು ನಡೆದದ್ದು ಹೇಳುತ್ತೇನೆ. ನಮ್ಮಲ್ಲಿ ರೈಟಿಂಗ್ ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ಒಂದು ಸೆನೆಟ್ ಕಮಿಟಿ ಬದಲಾಯಿಸಿತು. ವಿದ್ಯಾರ್ಥಿ ತಾನೇ ಒಂದು ಪ್ರಶ್ನಾವಳಿ ತುಂಬಿ ತನಗೆ ಯಾವ ಕೋರ್ಸ್ ಬೇಕು ಅಂತ ಆರಿಸಿಕೊಳ್ಳುವ ಪದ್ಧತಿ. ಪದ್ಧತಿ ಕೆಟ್ಟದ್ದಲ್ಲ. ಆದರೆ ಕಮಿಟಿಯಲ್ಲಿದ್ದವರಲ್ಲಿ ಯಾರೂ ಫಸ್ಟ್ ಇಯರ್ ಕ್ಲಾಸಿಗೆ ಕಾಲಿಟ್ಟವರಲ್ಲ. ಬೇಸ್ ಕೋರ್ಸ್ ಜೊತೆ ಇದ್ದ ಒಂದು ಗಂಟೆಯ ಟ್ಯುಟೋರಿಯಲ್ಲನ್ನು ಅದೇ ಉಸಿರಿನಲ್ಲಿ ತೆಗೆದುಬಿಟ್ಟರು. ಆ ಗಂಟೆಯಲ್ಲೇ ಮಕ್ಕಳು ನನ್ನ ಪಕ್ಕ ಕೂತು ತಮ್ಮ ಪ್ಯಾರಾ ತಿದ್ದಿಕೊಳ್ಳುತ್ತಿದ್ದದ್ದು. ಅದನ್ನು ನಡೆಸುತ್ತಿದ್ದ ನಮ್ಮ ಹತ್ತಿರ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಮಗೆ ಗೊತ್ತಾಗಿದ್ದು ಟೈಮ್‌ಟೇಬಲ್ ಬಂದಾಗ. ಅಂದರೆ ಪ್ರೊವೋಸ್ಟ್ ನಿಮಗೆ ಮಾಡುವುದನ್ನು ನೀವು ನಮಗೆ ಮಾಡುತ್ತೀರಿ.

ಟೆನ್ಯೂರ್ ಇಲ್ಲದವರಿಗೂ ಸೆನೆಟ್‌ನಲ್ಲಿ ಮತ, ಸ್ಥಾನ ಕೊಡಿ, ಆ ಕೆಲಸಕ್ಕೆ ದುಡ್ಡೂ ಕೊಡಿ ಅಂತ ಎಎಯುಪಿ 2012ರಲ್ಲೇ ಹೇಳಿದೆ. ಕೆಲವು ಕಡೆ ಆಗಿದೆ. ನಮ್ಮಲ್ಲಿ ಪ್ರಸ್ತಾವ ಬಂದಾಗ ಬಿದ್ದು ಹೋಯಿತು. ವಿರೋಧಿಸಿದವರು ಯಾರು ಗೊತ್ತಾ? ಆಡಳಿತದವರಲ್ಲ. "ಅವರ ಕಾಂಟ್ರಾಕ್ಟ್ ಡೀನ್ ಕೈಯಲ್ಲಿದೆ, ಡೀನ್ ಹೇಳಿದ ಹಾಗೆ ಮತ ಹಾಕುತ್ತಾರೆ" ಅಂತ ಟೆನ್ಯೂರ್ ಆದವರೇ ಹೇಳಿದರು. ಅದೇ ಮಾತು ಟೆನ್ಯೂರ್ ಆಗದ ಹೊಸ ಮೇಡಂಗೂ ಅನ್ವಯಿಸಬೇಕಲ್ವಾ? ಅವರನ್ನು ಮಾತ್ರ ಚೇರ್ ದಬ್ಬಿ ನಿಲ್ಲಿಸುತ್ತಾರೆ!

ಮೇಡಂ, ನೀವು ಹೋದರೆ ದಯವಿಟ್ಟು ಇದನ್ನು ನೆನಪಿಡಿ. ಸೀಟು ಬೇಡ ಅನ್ನುವುದಕ್ಕೂ ಒಂದು ಸೀಟು ಇರಬೇಕು.

ಉತ್ತರ: ಆ_ಕಡೆಯವನು

ನಾನು ಪ್ರೊವೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವವನು. ಬೈಯುವವರು ಬೈಯಿರಿ, ಆದರೆ ಒಂದು ವಿಷಯ ಯಾರೂ ಹೇಳಲಿಲ್ಲ: ಕ್ಯಾಲೆಂಡರ್.

ನಿಮ್ಮಲ್ಲಿ ಹೆಚ್ಚಿನವರದು ಒಂಬತ್ತು ತಿಂಗಳ ಕಾಂಟ್ರಾಕ್ಟ್. ಮೇ ತಿಂಗಳಲ್ಲಿ ಗ್ರೇಡ್ ಹಾಕಿ ಹೊರಟರೆ ಮತ್ತೆ ಮುಖ ಕಾಣುವುದು ಆಗಸ್ಟಿನಲ್ಲಿ. ಸೆನೆಟ್‌ಗೂ ರಜೆ. ಆದರೆ ರಾಜ್ಯದ ಬಜೆಟ್ ಎಷ್ಟೋ ಕಡೆ ಆಖೈರಾಗುವುದೇ ಮೇ-ಜೂನ್‌ನಲ್ಲಿ. ಅಮೆರಿಕದ 46 ರಾಜ್ಯಗಳಲ್ಲಿ ಹಣಕಾಸು ವರ್ಷ ಶುರುವಾಗುವುದು ಜುಲೈ 1ಕ್ಕೆ. ನ್ಯೂಯಾರ್ಕ್, ಟೆಕ್ಸಾಸ್, ಅಲಬಾಮಾ, ಮಿಶಿಗನ್ ಮಾತ್ರ ಬೇರೆ. ಶಾಸನಸಭೆ ಕೊನೆಯ ಗಳಿಗೆಯಲ್ಲಿ ಅನುದಾನ ಕಡಿಮೆ ಮಾಡಿತು ಅಂದುಕೊಳ್ಳಿ. ಜೂನ್ ಮೂರನೇ ವಾರ ಬೋರ್ಡ್ ಸಭೆ. ನಾನು ಯಾರನ್ನು ಕೇಳಲಿ? ಸೆನೆಟ್ ಚೇರ್‌ಗೆ ಫೋನ್ ಮಾಡಿದರೆ ಅವರು ಯುರೋಪಿನಲ್ಲಿ ಕಾನ್ಫರೆನ್ಸಿನಲ್ಲಿರುತ್ತಾರೆ. ಆಗಸ್ಟಿನಲ್ಲಿ ಬಂದು "ಬೇಸಿಗೆಯಲ್ಲಿ ಕದ್ದುಮುಚ್ಚಿ ಮಾಡಿದಿರಿ" ಅಂತಾರೆ. ಕೆಲವು ಸಲ ಕದ್ದುಮುಚ್ಚಿ ಮಾಡುತ್ತಾರೆ ಅನ್ನುವುದೂ ನಿಜ, ಸುಳ್ಳು ಹೇಳಲ್ಲ. ಯಾವ ವಿಷಯವನ್ನು ಜುಲೈಗೆ ಇಟ್ಟುಕೊಳ್ಳಬೇಕು ಅಂತ ಗೊತ್ತಿರುವ ಆಡಳಿತಗಾರರನ್ನು ನಾನು ನೋಡಿದ್ದೇನೆ.

ಇನ್ನೊಂದು. ಕರಡು ನೀತಿ ಅಂತ ವೆಬ್‌ಸೈಟಿನಲ್ಲಿ ಹಾಕಿ ಅಭಿಪ್ರಾಯ ಕೇಳುತ್ತೇವೆ. ವಾರಗಟ್ಟಲೆ ಒಂದೂ ಬರುವುದಿಲ್ಲ. ಗಡುವು ಮುಗಿದ ಮಾರನೇ ದಿನ ಅದೇ ಫುಲ್ ಪ್ರೊಫೆಸರ್ ಪುಟಗಟ್ಟಲೆ ಬರೆಯುತ್ತಾರೆ, ಸಿಸಿಯಲ್ಲಿ ಇಡೀ ಯೂನಿವರ್ಸಿಟಿ. ಅಧ್ಯಾಪಕರಿಗೆ ಬೇಡ ಅನ್ನುವ ಅಧಿಕಾರ ಬೇಕು, ಓದುವ ಕೆಲಸ ಬೇಡ. ಕಹಿ ಮಾತು, ಆದರೆ ನನ್ನ ಮೇಜಿನಿಂದ ಹಾಗೇ ಕಾಣುತ್ತದೆ.

ಉತ್ತರ: ಹಳೇ_ಸೆನೆಟರ್

ಕ್ಯಾಲೆಂಡರ್ ಮಾತು ಒಪ್ಪಿದೆ. ಇದೊಂದು ದೊಡ್ಡ ರಂಧ್ರ. ನಮ್ಮಲ್ಲಿ ಅದಕ್ಕೆ ಸೆನೆಟ್‌ನ ಒಂದು ಸಣ್ಣ ಬೇಸಿಗೆ ಕಮಿಟಿ ಮಾಡಿದೆವು, ಅವರಿಗೆ ಬೇಸಿಗೆ ಸಂಬಳದ ಒಂದು ಪಾಲು ಕೊಡಲು ಪ್ರೊವೋಸ್ಟ್ ಒಪ್ಪಿದರು. ದುಡ್ಡು ಕೊಡದೆ ಬನ್ನಿ ಅಂದರೆ ಯಾರು ಬರುತ್ತಾರೆ? ಅದು ಬಂದ ಮೇಲೆ ಜುಲೈನ ಅಚ್ಚರಿಗಳು ಕಡಿಮೆ ಆದವು. ನಿಂತವು ಅಂತ ಹೇಳಲಾರೆ.

ಆದರೆ ಅಭಿಪ್ರಾಯ ಬರುವುದಿಲ್ಲ ಅನ್ನುವುದು ಅರ್ಧ ಸತ್ಯ. ನಿಮ್ಮ ಆಫೀಸು ಹಿಂದೆ ಬಂದ ಅಭಿಪ್ರಾಯಗಳಿಗೆ ಏನು ಮಾಡಿತು ಅಂತ ಯಾವತ್ತಾದರೂ ಬರೆದು ತಿಳಿಸಿದೆಯಾ? ಇದನ್ನು ತೆಗೆದುಕೊಂಡೆವು, ಇದನ್ನು ಬಿಟ್ಟೆವು, ಕಾರಣ ಇಂಥದ್ದು. ಒಂದೇ ಒಂದು ಸಲ ಹಾಗೆ ಮಾಡಿ ನೋಡಿ. ಮುಂದಿನ ಸಲ ಎಷ್ಟು ಜನ ಬರೆಯುತ್ತಾರೆ ಅಂತ ಆಮೇಲೆ ಮಾತಾಡೋಣ.

ಲೆಕ್ಚರರ್ ಅಕ್ಕನಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಸೆನೆಟ್‌ನಲ್ಲಿ ಅವರಂಥವರಿಗೆ ಈಗ ಕೆಲವು ಸೀಟುಗಳಿವೆ, ಅವರ ಸಂಖ್ಯೆಗೆ ಹೋಲಿಸಿದರೆ ಏನೇನೂ ಸಾಲದು.

ಉತ್ತರ: ಯೂನಿಯನ್_ಭಟ್ರು

ಸೆನೆಟ್ ಸೆನೆಟ್ ಅಂತ ಯಾಕೆ ಒದ್ದಾಡುತ್ತೀರಿ? ಯೂನಿಯನ್ ಇದ್ದರೆ ಮೊದಲು ಅದನ್ನು ಸೇರಿ. ಸೆನೆಟ್ ನಿರ್ಣಯವನ್ನು ಪ್ರೆಸಿಡೆಂಟ್ ಕಸದ ಬುಟ್ಟಿಗೆ ಹಾಕಬಹುದು. ಸಹಿ ಆದ ಕಾಂಟ್ರಾಕ್ಟನ್ನು ಹಾಕಲಾಗದು. ಅದನ್ನು ಮುರಿದರೆ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಮುಂದೆ ಹೋಗಬಹುದು.

ಒಂದು ತಮಾಷೆ ಗೊತ್ತಾ? 1980ರಲ್ಲಿ ಸುಪ್ರೀಂ ಕೋರ್ಟ್ ಯೆಶಿವಾ ಯೂನಿವರ್ಸಿಟಿ ಕೇಸಿನಲ್ಲಿ 5-4ರಿಂದ, ಅಲ್ಲಿಯ ಅಧ್ಯಾಪಕರೇ ಪಠ್ಯ, ಪ್ರವೇಶ ಎಲ್ಲ ತೀರ್ಮಾನಿಸುತ್ತಾರೆ, ಹಾಗಾಗಿ ಅವರು ಮ್ಯಾನೇಜರ್‌ಗಳು, ಯೂನಿಯನ್ ಹಕ್ಕು ಇಲ್ಲ ಅಂದುಬಿಟ್ಟಿತು. ಶೇರ್ಡ್ ಗವರ್ನೆನ್ಸ್ ಚೆನ್ನಾಗಿ ಇದ್ದದ್ದೇ ಮುಳುವಾಯಿತು. ಆದರೆ ಅದು ಪ್ರೈವೇಟ್ ಯೂನಿವರ್ಸಿಟಿಗಳಿಗೆ. ಹೊಸ ಮೇಡಂ ಇರುವ ಕಡೆ ರಾಜ್ಯದ ಕಾನೂನೇ ಮುಖ್ಯ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಧ್ಯಾಪಕರಿಗೆ ಯೂನಿಯನ್ನೂ ಇದೆ, ಸೆನೆಟ್ಟೂ ಇದೆ, ಲೆಕ್ಚರರ್‌ಗಳೂ ಅದೇ ಯೂನಿಯನ್ನಿನಲ್ಲಿದ್ದಾರೆ. ನಾರ್ತ್ ಕೆರೊಲಿನಾದಲ್ಲಿ 1959ರ ಕಾನೂನಿನ ಪ್ರಕಾರ ಸರ್ಕಾರಿ ಸಂಸ್ಥೆ ಯೂನಿಯನ್ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಬೆಲೆಯೇ ಇಲ್ಲ. ನಿಮ್ಮದು ಯಾವ ರಾಜ್ಯ ಅಂತ ನೋಡಿಕೊಳ್ಳಿ.

ಉತ್ತರ: ಹಳೇ_ಸೆನೆಟರ್

ಭಟ್ರೇ, ಯೂನಿಯನ್ ಬೇಕು, ಬೇಡ ಅನ್ನಲಿಲ್ಲ. ಆದರೆ ಕಾಂಟ್ರಾಕ್ಟಿನಲ್ಲಿ ಸಂಬಳ, ವರ್ಕ್‌ಲೋಡ್ ಬರುತ್ತದೆ. ಸಂಖ್ಯಾಶಾಸ್ತ್ರದ ಪದವಿಯಲ್ಲಿ ಪ್ರೊಬಬಿಲಿಟಿ ಎಷ್ಟು ಕಲಿಸಬೇಕು ಅಂತ ಯೂನಿಯನ್ ಹೇಳುತ್ತದಾ?

ಉತ್ತರ: ಗ್ರೀನ್‌ಕಾರ್ಡ್_ಕ್ಯೂ

ವೀಸಾದ ಬಗ್ಗೆ ಕೇಳಿದ್ದಿರಿ, ಯಾರೂ ಉತ್ತರಿಸಿಲ್ಲ. ನಾನೂ ಅದೇ ದೋಣಿಯಲ್ಲಿದ್ದು, ಸೆನೆಟ್‌ನಲ್ಲೂ ಇದ್ದವನು.

ಹೆದರಿಕೆ ಸುಮ್ಮನೆ ಅಲ್ಲ. ಎಚ್-1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಗ್ರೇಸ್ ಪೀರಿಯಡ್. ಅಧ್ಯಾಪಕರ ನೇಮಕ ವರ್ಷಕ್ಕೆ ಒಂದೇ ಸಲ ನಡೆಯುವ ಸಂತೆ, 60 ದಿನದಲ್ಲಿ ಎಲ್ಲಿ ಸಿಗುತ್ತದೆ? ಯೂನಿವರ್ಸಿಟಿ ಎಚ್-1ಬಿ ಲಾಟರಿ ಮಿತಿಯ ಹೊರಗಿನದು, ಹಾಗಾಗಿ ಕಂಪನಿಗೆ ಹಾರಬೇಕು ಅಂದರೆ ಸಾಮಾನ್ಯವಾಗಿ ಲಾಟರಿಗೆ ಕಾಯಬೇಕು. ಗ್ರೀನ್ ಕಾರ್ಡ್ ಅರ್ಜಿಯೂ ಹೆಚ್ಚಾಗಿ ಯೂನಿವರ್ಸಿಟಿ ಮೂಲಕವೇ ಹೋಗುತ್ತದೆ. ಇವನ್ನೆಲ್ಲ ಅಮೆರಿಕನ್ ಸಹೋದ್ಯೋಗಿಗಳಿಗೆ ಹೇಳಿ. ಅವರಿಗೆ ಗೊತ್ತೇ ಇರುವುದಿಲ್ಲ. "ಟೆನ್ಯೂರ್ ಟ್ರ್ಯಾಕ್ ಇದೆಯಲ್ಲ, ಮಾತಾಡಿ" ಅಂತಾರೆ, ಪಾಪ.

ಅದಕ್ಕೇ ಕಮಿಟಿ ನೋಡಿ ಆರಿಸಿ. ದೂರು ವಿಚಾರಿಸುವ ಗ್ರೀವೆನ್ಸ್ ಕಮಿಟಿ, ಆಡಳಿತಗಾರರ ಮೌಲ್ಯಮಾಪನ ಕಮಿಟಿ ಬೇಡ. ಅಲ್ಲಿ ವ್ಯಕ್ತಿಗಳ ಮೇಲೆ ಮಾತು ಬರುತ್ತದೆ. ಕರಿಕ್ಯುಲಮ್ ಅಥವಾ ಬಜೆಟ್ ಸಲಹಾ ಕಮಿಟಿ ಒಳ್ಳೆಯದು, ನಿಮ್ಮ ಸಂಖ್ಯೆಗಳ ಜ್ಞಾನ ಅಲ್ಲಿ ಕೆಲಸಕ್ಕೆ ಬರುತ್ತದೆ. ಯಾರ ಮೇಲೂ ಆರೋಪ ಇಲ್ಲದ ಪ್ರಶ್ನೆ ಕೇಳಿ. "ಇದರಿಂದ ಎಷ್ಟು ಸೆಕ್ಷನ್ ಕಡಿಮೆ ಆಗುತ್ತದೆ?" "ಐದು ವರ್ಷದ ಎನ್‌ರೋಲ್‌ಮೆಂಟ್ ಅಂದಾಜು ಎಲ್ಲಿಂದ ಬಂತು?" ಇಂಥದ್ದು. ಪ್ರಶ್ನೆ ಮಿನಿಟ್ಸ್‌ನಲ್ಲಿ (ಸಭೆಯ ನಡಾವಳಿಯಲ್ಲಿ) ಬರೆದಿದೆಯಾ ಅಂತ ಮಾತ್ರ ತಪ್ಪದೇ ನೋಡಿ. ಮಿನಿಟ್ಸ್‌ನಲ್ಲಿ ಇಲ್ಲದ ಪ್ರಶ್ನೆ ಕೇಳಿದ ಹಾಗೇ ಅಲ್ಲ.

ಉತ್ತರ: ಹೊಸ_ಮೇಡಂ

ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಚೇರ್ ಹತ್ತಿರ ಮಾತಾಡಿದೆ. ನಿಲ್ಲುತ್ತೇನೆ, ಆದರೆ ಎರಡು ಷರತ್ತು ಅಂದೆ. ನನ್ನ ಕಮಿಟಿ ಬಜೆಟ್‌ದು ಆಗಬೇಕು, ಮತ್ತು ಸೆನೆಟ್‌ನಲ್ಲಿರುವ ವರ್ಷ ಡಿಪಾರ್ಟ್‌ಮೆಂಟಿನ ಬೇರೆ ಎರಡು ಕಮಿಟಿಯಿಂದ ನನ್ನನ್ನು ಬಿಡಬೇಕು. ಎರಡನೆಯದನ್ನು ಇಮೇಲಿನಲ್ಲಿ ಬರೆದು ಕೊಡಿ ಅಂತಲೂ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಬರೆದು ಕೊಟ್ಟರು. ಸೀಟು ತುಂಬುವುದು ಅವರಿಗೆ ಅಷ್ಟು ಅರ್ಜೆಂಟ್ ಇತ್ತು ಅಂತ ಕಾಣುತ್ತದೆ.

ಲೆಕ್ಚರರ್ ಅಕ್ಕ, ನಿಮ್ಮ ಮಾತು ಮನಸ್ಸಿಗೆ ನಾಟಿತು. ನಮ್ಮ ಹ್ಯಾಂಡ್‌ಬುಕ್ ತೆಗೆದು ನೋಡಿದೆ. ನಮ್ಮಲ್ಲಿ ಪೂರ್ಣಾವಧಿ ಲೆಕ್ಚರರ್‌ಗಳಿಗೆ ಮತ ಇದೆ, ನಿಲ್ಲುವ ಹಕ್ಕಿಲ್ಲ. ಪಾರ್ಟ್ ಟೈಮ್‌ನವರಿಗೆ ಎರಡೂ ಇಲ್ಲ.

ಇನ್ನೊಂದು ಪ್ರಶ್ನೆ. ಆ ಆನ್‌ಲೈನ್ ಕಂಪನಿಯ ಒಪ್ಪಂದ ನನಗೆ ತಲೆಯಿಂದ ಹೋಗುತ್ತಿಲ್ಲ. ಅದನ್ನು ಓದುವ ದಾರಿ ಇದೆಯಾ? ಸೆನೆಟ್ ಆಫೀಸಿನಲ್ಲಿ ಕೇಳಿದರೆ ತಮ್ಮ ಹತ್ತಿರ ಇಲ್ಲ ಅಂದರು.

ಉತ್ತರ: ಆ_ಕಡೆಯವನು

ನಾನು ಹೇಳಬಾರದು, ಆದರೂ ಹೇಳುತ್ತೇನೆ. ನಿಮ್ಮದು ಪಬ್ಲಿಕ್ ಯೂನಿವರ್ಸಿಟಿ. ಎಲ್ಲ ರಾಜ್ಯಗಳಲ್ಲೂ ಪಬ್ಲಿಕ್ ರೆಕಾರ್ಡ್ಸ್ ಕಾನೂನು ಇದೆ, ನಮ್ಮ ಆರ್‌ಟಿಐ ಥರ. ಆದರೆ ಅರ್ಜಿ ಹಾಕುವ ಮೊದಲು ಬೋರ್ಡ್ ವೆಬ್‌ಸೈಟಿಗೆ ಹೋಗಿ. ದೊಡ್ಡ ಒಪ್ಪಂದಗಳಿಗೆ ಎಷ್ಟೋ ಕಡೆ ಬೋರ್ಡ್ ಒಪ್ಪಿಗೆ ಬೇಕು. ಹಾಗಾಗಿ ಅಜೆಂಡಾ ಜೊತೆಗಿನ ಪಿಡಿಎಫ್ ಕಂತೆಯಲ್ಲಿ ಕನಿಷ್ಠ ಒಂದು ಸಾರಾಂಶ ಇರುವ ಸಾಧ್ಯತೆ ಇದೆ. ಅಧ್ಯಾಪಕರು ಆ ಕಂತೆಯನ್ನು ಯಾವತ್ತೂ ತೆಗೆದು ನೋಡುವುದಿಲ್ಲ. ಅಲ್ಲಿ ಸಿಗದಿದ್ದರೆ ಅರ್ಜಿ ಹಾಕಿ. ಒಪ್ಪಂದದ ಪ್ರತಿ, ಅದರ ಎಲ್ಲ ಲಗತ್ತು, ತಿದ್ದುಪಡಿ ಸಮೇತ ಅಂತ ಬರೆಯಿರಿ. ಲಗತ್ತು ಅಂತ ಬರೆಯದಿದ್ದರೆ ಮುಖ್ಯ ಕಾಗದ ಮಾತ್ರ ಕೊಡುತ್ತಾರೆ, ರೆವೆನ್ಯೂ ಶೇರ್ ಕೋಷ್ಟಕ ಇರುವುದು ಲಗತ್ತಿನಲ್ಲಿ. ಇಂಥ ಒಪ್ಪಂದಗಳಲ್ಲಿ ಕಂಪನಿ ಫೀಸಿನ ಅರ್ಧದಷ್ಟು ತೆಗೆದುಕೊಳ್ಳುವುದು ಹೊಸದೇನಲ್ಲ. ಅವಧಿ ಎಷ್ಟು ವರ್ಷ, ಮಧ್ಯದಲ್ಲಿ ಬಿಡಬೇಕಾದರೆ ಷರತ್ತು ಏನು, ಕೋರ್ಸ್ ಸಾಮಗ್ರಿಯ ಹಕ್ಕು ಯಾರದ್ದು, ಈ ಮೂರನ್ನು ಮೊದಲು ಓದಿ.

ಕೆಲವು ಸಾಲುಗಳ ಮೇಲೆ ವ್ಯಾಪಾರದ ಗುಟ್ಟು ಅಂತ ಕಪ್ಪು ಬಳಿದು ಕೊಟ್ಟರೂ ಕೊಟ್ಟಾರು.

ಉತ್ತರ: ಲೆಕ್ಚರರ್_ಅಕ್ಕ

ಸಿಕ್ಕಿದ ಮೇಲೆ ಇನ್ನೊಂದು ಹುಡುಕಿ ಮೇಡಂ: ಆ ಆನ್‌ಲೈನ್ ಕೋರ್ಸ್‌ಗಳನ್ನು ಕಲಿಸುವವರು ಯಾರು ಅಂತ ಎಲ್ಲಾದರೂ ಬರೆದಿದೆಯಾ. ನನ್ನ ಅಂದಾಜು, ನನ್ನಂಥವರೇ.